ಚಿಪ್ಪುಕಾಯಿ ಮರಗಳ ಸಸ್ಯಾಭಿವೃದ್ಧಿ: ಕಸಿ ಮತ್ತು ಅಂಗಾಂಶ ಕೃಷಿ

ಅಕ್ರೋಟ್, ಪಿಸ್ತಾ, ಬಾದಾಮಿ, ಗೇರು, ಪೀಕನ್, ಹೇಜಲ್, ಚೆಸ್ಟ್‌ನಟ್, ಮಕಡೇಮಿಯ ಮೊದಲಾದವು ಗಟ್ಟಿ ಚಿಪ್ಪಿನೊಳಗೆ ತಿನ್ನುವ ತಿರುಳು ಕಟ್ಟುವ ಮರಗಳು. ಇವುಗಳನ್ನು ತಾಯಿಮರದ ಗುಣ ಕೆಡದಂತೆ ಸಂಖ್ಯೆಯಲ್ಲಿ ಹೆಚ್ಚಿಸುವ ವಿಧಾನಗಳಲ್ಲಿ ಕಸಿ ಮತ್ತು ಅಂಗಾಂಶ ಕೃಷಿ ಮುಖ್ಯವಾದವು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಈ ಮರಗಳೆಲ್ಲ ಒಂದೇ ಕುಟುಂಬದವಲ್ಲ. ಗೇರು ಮತ್ತು ಪಿಸ್ತಾ ಮಾವಿನ ಬಳಗದವು, ಬಾದಾಮಿ ಗುಲಾಬಿಯ ಬಳಗದ್ದು, ಅಕ್ರೋಟ್ ಮತ್ತು ಪೀಕನ್ ಬೇರೆಯೇ ಬಳಗದವು. ಆದರೂ ನರ್ಸರಿಯವರಿಗೆ ಇವು ಒಡ್ಡುವ ಕಷ್ಟ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಮರದ ಬೀಜ ನೆಟ್ಟರೆ ಅದೇ ಮರ ಬರುವುದಿಲ್ಲ. ಬಂದ ಮರ ಎಂಥದ್ದೆಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಕಡ್ಡಿ ಊರಿದರೆ ಹೆಚ್ಚಿನವು ಬೇರು ಬಿಡುವುದಿಲ್ಲ.

ಬೀಜದ ಗಿಡಗಳು ಬೇರೆಬೇರೆಯಾಗುವುದಕ್ಕೆ ಕಾರಣ ಪರಕೀಯ ಪರಾಗಸ್ಪರ್ಶ. ಒಂದೇ ಗೇರು ಮರದಡಿ ಹೆಕ್ಕಿದ ಬೀಜಗಳಿಂದ ಎದ್ದ ಗಿಡಗಳಲ್ಲಿ ಒಂದು ಗೊಂಚಲು ತುಂಬ ಕಾಯಿ ಕಚ್ಚುತ್ತದೆ, ಪಕ್ಕದ್ದು ಹೂ ಬಿಟ್ಟೂ ಕಾಯಿ ಕಟ್ಟುವುದಿಲ್ಲ. ಪಿಸ್ತಾದಲ್ಲಿ ತೊಡಕು ಇನ್ನೂ ದೊಡ್ಡದು. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜದಿಂದ ತೋಟ ಎಬ್ಬಿಸಿದರೆ ಸುಮಾರು ಅರ್ಧದಷ್ಟು ಗಂಡು ಮರಗಳಾಗುತ್ತವೆ, ಅದೂ ಹೂ ಬಿಡುವ ತನಕ ತಿಳಿಯುವುದಿಲ್ಲ. ಕಾಶ್ಮೀರ ಕಣಿವೆಯ ಹಳೆಯ ಅಕ್ರೋಟ್ ಮರಗಳು ಬಹುತೇಕ ಬೀಜದಿಂದ ಬಂದವು. ಭಾರೀ ಎತ್ತರಕ್ಕೆ ಬೆಳೆಯುವ ಈ ಮರಗಳಲ್ಲಿ ಒಂದರ ಕಾಯಿ ತೆಳುಚಿಪ್ಪಿನದು, ಇನ್ನೊಂದರದು ಸುತ್ತಿಗೆಗೂ ಜಗ್ಗದ್ದು. ಕೊಯ್ಲಿಗೆ ತುದಿ ಏರುವವರು ಜಾರಿ ಬಿದ್ದು ಪ್ರಾಣ ಕಳೆದುಕೊಳ್ಳುವುದು ಅಲ್ಲಿ ಅಪರೂಪವಲ್ಲ. ಗಿಡ್ಡನೆಯ, ಬೇಗ ಫಲ ಕೊಡುವ ಕಸಿ ಗಿಡ ಅಲ್ಲಿನ ಬೆಳೆಗಾರರಿಗೆ ಬೇಕಾಗಿರುವುದು ಆದಾಯಕ್ಕಾಗಿ ಮಾತ್ರವಲ್ಲ. ಶ್ರೀನಗರದಲ್ಲಿರುವ ಸಮಶೀತೋಷ್ಣ ತೋಟಗಾರಿಕೆಯ ಕೇಂದ್ರೀಯ ಸಂಸ್ಥೆ ಇಂಥ ಬೀಜದ ಮರಗಳ ನಡುವಿನಿಂದಲೇ ಒಳ್ಳೆಯವನ್ನು ಆರಿಸಿ ತಳಿಗಳನ್ನಾಗಿ ಬಿಡುಗಡೆ ಮಾಡಿದೆ.

ಕಸಿ

ತೊಗಟೆಗೂ ಒಳಮರಕ್ಕೂ ನಡುವೆ ಕ್ಯಾಂಬಿಯಂ ಎಂಬ ತೆಳುವಾದ ಜೀವಂತ ಪದರವಿದೆ. ಒಳ್ಳೆಯ ಮರದಿಂದ ತಂದ ಕಸಿಕಡ್ಡಿಯ ಕ್ಯಾಂಬಿಯಂ ಬೇರುಗಿಡದ ಕ್ಯಾಂಬಿಯಂಗೆ ತಾಗುವಂತೆ ಕೂರಿಸಿ ಬಿಗಿಯಾಗಿ ಕಟ್ಟಿದರೆ, ಗಾಯದ ಎರಡೂ ಕಡೆಯಿಂದ ಕ್ಯಾಲಸ್ ಎಂಬ ಮೃದು ಜೀವಕೋಶಗಳು ಎದ್ದು ಸಂದು ತುಂಬುತ್ತವೆ. ಆ ಕ್ಯಾಲಸ್ಸಿನ ಒಳಗೆ ಹೊಸ ಕ್ಯಾಂಬಿಯಂ ಮೂಡಿ, ನೀರು ಮತ್ತು ಆಹಾರ ಸಾಗಿಸುವ ನಾಳಗಳು ಕೂಡಿಕೊಳ್ಳುತ್ತವೆ. ಮೇಲಿನದು ಮೇಲಿನದಾಗಿಯೇ, ಕೆಳಗಿನದು ಕೆಳಗಿನದಾಗಿಯೇ ಉಳಿಯುತ್ತದೆ. ಎರಡು ಜೀವಗಳ ಗುಣ ಬೆರೆಯುವುದಿಲ್ಲ, ಬಾಳು ಮಾತ್ರ ಒಂದಾಗುತ್ತದೆ.

ಸೇಬು, ಮಾವುಗಳಲ್ಲಿ ಸುಲಭವಾಗಿ ನಡೆಯುವ ಈ ಕೂಡಿಕೆ ಅಕ್ರೋಟ್ ಜಾತಿಗಳಲ್ಲಿ ಹಟ ಹಿಡಿಯುತ್ತದೆ. ವಸಂತದಲ್ಲಿ ಬೇರಿನ ಒತ್ತಡದಿಂದ ಕೊಯ್ದ ಕಾಂಡದಲ್ಲಿ ರಸ ಒಸರಿ ಸಂದಿನಲ್ಲಿ ನಿಲ್ಲುತ್ತದೆ. ತೊಗಟೆಯ ಟ್ಯಾನಿನ್ ಮೊದಲಾದ ಫಿನಾಲ್ ವಸ್ತುಗಳು ಗಾಳಿ ಸೋಕಿದೊಡನೆ ಕಪ್ಪಾಗಿ ಜೀವಕೋಶಗಳನ್ನು ಕೆಡಿಸುತ್ತವೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಕ್ಯಾಲಸ್ ಚೆನ್ನಾಗಿ ಏಳಲು ಸುಮಾರು 27 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಕಸಿಯ ಕಾಲದಲ್ಲಿ ತಣ್ಣಗಿನ ನಾಡುಗಳಲ್ಲಿ ಆ ಬಿಸಿ ಇರುವುದಿಲ್ಲ. ಇಡೀ ಗಿಡವನ್ನು ಬೆಚ್ಚಗೆ ಇಟ್ಟರೆ ಕೂಡುವ ಮುನ್ನವೇ ಮೊಗ್ಗು ಒಡೆದು ಕಡ್ಡಿ ಒಣಗುತ್ತದೆ. ಅಮೆರಿಕದ ಆರೆಗನ್ ರಾಜ್ಯದ ಕಾರ್ವಾಲಿಸ್‌ನಲ್ಲಿ ಹೇಜಲ್ ಮೇಲೆ ಕೆಲಸ ಮಾಡುತ್ತಿದ್ದ ಹ್ಯಾರಿ ಲೇಗರ್‌ಸ್ಟೆಟ್ 1980ರ ದಶಕದ ಆರಂಭದಲ್ಲಿ ಇದಕ್ಕೊಂದು ಸರಳ ಉಪಾಯ ಕೊಟ್ಟರು. ಕಸಿ ಸಂದನ್ನು ಮಾತ್ರ ಬಿಸಿ ಕೊಳವೆಯ ಸೀಳಿನೊಳಗೆ ಇಟ್ಟು, ಬೇರನ್ನೂ ಮೊಗ್ಗನ್ನೂ ಹೊರಗಿನ ಚಳಿಗೆ ಬಿಡುವುದು. ಗಾಯ ಕೂಡುತ್ತದೆ, ಮೊಗ್ಗು ಮಲಗಿಯೇ ಇರುತ್ತದೆ. ಇವತ್ತಿಗೂ ಹಲವು ನರ್ಸರಿಗಳು ಅಕ್ರೋಟ್‌ಗೆ ಇದೇ ತತ್ವವನ್ನು ಅನುಸರಿಸುತ್ತವೆ. ಹವಾಯಿಯ ಮಕಡೇಮಿಯದಲ್ಲಿ ಪರಿಹಾರ ಬೇರೆ ದಾರಿಯಿಂದ ಬಂತು. ಕಸಿಗೆ ಆರಿಸಿದ ಕೊಂಬೆಯ ತೊಗಟೆಯನ್ನು ಕೆಲವು ವಾರ ಮುಂಚೆಯೇ ಉಂಗುರದಂತೆ ತೆಗೆದು, ಅದರಲ್ಲಿ ಪಿಷ್ಟ ತುಂಬಿಕೊಳ್ಳಲು ಬಿಟ್ಟಾಗ ಕಸಿ ಹಿಡಿಯತೊಡಗಿತು.

ಪೀಕನ್ ಕಸಿಯ ಇತಿಹಾಸದಲ್ಲಿ ಒಂದು ಹೆಸರನ್ನು ಬಿಡುವಂತಿಲ್ಲ. ಅಮೆರಿಕದ ಲೂಸಿಯಾನದ ಓಕ್ ಆ್ಯಲಿ ತೋಟದಲ್ಲಿ 1846–47ರ ಚಳಿಗಾಲದಲ್ಲಿ ಆಂಟ್ವಾನ್ ಎಂಬ ತೋಟಗಾರ 16 ಪೀಕನ್ ಮರಗಳಿಗೆ ಯಶಸ್ವಿಯಾಗಿ ಕಸಿ ಕಟ್ಟಿದ. ಆತ ಆ ತೋಟದ ಗುಲಾಮ. ಆ ಮರಗಳ ಕಾಯಿ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಲ್ಲಿ ಮೆಚ್ಚುಗೆ ಪಡೆದು 'ಸೆಂಟೆನಿಯಲ್' ಎಂಬ ಹೆಸರು ಪಡೆಯಿತು. ಪೀಕನ್‌ನ ಮೊದಲ ಹೆಸರಿಟ್ಟ ತಳಿ ಅದು. ಕಟ್ಟಿದವನ ಪೂರ್ಣ ಹೆಸರೂ ದಾಖಲೆಗೆ ಸಿಕ್ಕಿಲ್ಲವೆಂಬುದು ಈ ಬೆಳೆಯ ಚರಿತ್ರೆಗೆ ಅಂಟಿಕೊಂಡಿರುವ ನೋವು.

ಹೇಜಲ್‌ಗೆ ಸಾಮಾನ್ಯವಾಗಿ ಕಸಿಯೇ ಬೇಡ. ಬುಡದಿಂದ ಏಳುವ ಚಿಗುರುಗಳಿಗೆ ಮಣ್ಣು ಏರಿಸಿದರೆ ಬೇರು ಬಿಡುತ್ತವೆ, ಅವನ್ನು ಬಿಡಿಸಿ ನೆಡುತ್ತಾರೆ.

ಗೇರಿನ ಮೆದುಕಾಂಡ ಕಸಿ

ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗೇರು ಭಾರತದ ಪಶ್ಚಿಮ ಕರಾವಳಿಯಲ್ಲಿ ಬೀಜದಿಂದಲೇ ಹಬ್ಬಿತು. ಗುಣವುಳ್ಳ ಮರಗಳನ್ನು ಹೆಚ್ಚಿಸಲು ಮೊದಲು ಬಳಸಿದ್ದು ಗೂಟಿ ವಿಧಾನ. ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿದ ಗೂಟಿ ಗಿಡಗಳು ತಾಯಿಬೇರು ಇಲ್ಲದ ಕಾರಣ ಗಾಳಿಗೆ ಬುಡಮೇಲಾಗುತ್ತಿದ್ದವು, ಬದುಕಿ ಉಳಿಯುತ್ತಿದ್ದವೂ ಕಡಿಮೆ. ದಕ್ಷಿಣ ಕನ್ನಡದ ಪುತ್ತೂರಿನಲ್ಲಿ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಈಗ ಅದು ಗೇರು ಸಂಶೋಧನಾ ನಿರ್ದೇಶನಾಲಯ. ಮೆದುಕಾಂಡ ಕಸಿಯನ್ನು ಹದಗೊಳಿಸಿ ನರ್ಸರಿಗಳ ರೂಢಿಯಾಗಿಸಿದ ಕೆಲಸದಲ್ಲಿ ಈ ಕೇಂದ್ರದ ಪಾಲು ದೊಡ್ಡದು.

ಕೆಲಸ ಬೀಜದಿಂದ ಶುರುವಾಗುತ್ತದೆ. ಉಪ್ಪು ನೀರಿನಲ್ಲಿ ಮುಳುಗುವ ತೂಕದ ಬೀಜಗಳನ್ನಷ್ಟೇ ಆರಿಸಿ, ರಾತ್ರಿಯಿಡೀ ನೆನೆಸಿ, ತೊಟ್ಟಿನ ಭಾಗ ಮೇಲೆ ಬರುವಂತೆ ಪಾಲಿಥೀನ್ ಚೀಲದಲ್ಲಿ ಬಿತ್ತುತ್ತಾರೆ. ಸುಮಾರು ಎರಡು ತಿಂಗಳೊಳಗಿನ ಸಸಿ ಬೇರುಗಿಡಕ್ಕೆ ಹದ. ಇತ್ತ ತಾಯಿಮರದಲ್ಲಿ ಹೂ ಬಿಡದ, ಪೆನ್ಸಿಲ್ ದಪ್ಪದ, ಮೂರರಿಂದ ಐದು ತಿಂಗಳು ಬಲಿತ ಚಿಗುರುಗಳನ್ನು ಗುರುತಿಸಿ, ಕೊಯ್ಯುವ ಏಳೆಂಟು ದಿನ ಮೊದಲೇ ಎಲೆಗಳನ್ನು ಕತ್ತರಿಸಿ ತೊಟ್ಟಿನ ತುಂಡನ್ನಷ್ಟೇ ಉಳಿಸಬೇಕು. ಆ ತೊಟ್ಟುಗಳು ಉದುರಿ ಮೊಗ್ಗು ಉಬ್ಬಿ ಬಂದಾಗ 10ರಿಂದ 12 ಸೆಂಟಿಮೀಟರ್ ಉದ್ದದ ಕಡ್ಡಿ ಕೊಯ್ಯುತ್ತಾರೆ. ಸಸಿಯ ಕೆಳಗಿನ ಎಲೆಗಳನ್ನು ಇರಗೊಟ್ಟು ತಲೆ ಕತ್ತರಿಸಿ, ಕಾಂಡವನ್ನು ನಡುವೆ ಆರೇಳು ಸೆಂಟಿಮೀಟರ್ ಸೀಳಿ, ಬೆಣೆಯಂತೆ ಹೆರೆದ ಕಡ್ಡಿಯನ್ನು ಇಳಿಸಿ ಪಾಲಿಥೀನ್ ಪಟ್ಟಿಯಿಂದ ಸುತ್ತುತ್ತಾರೆ. ಕಡ್ಡಿ ಸಸಿಗಿಂತ ತೆಳುವಾಗಿದ್ದರೆ ನಡುವೆ ಕೂರಿಸಬಾರದು, ಒಂದು ಬದಿಗೆ ಸರಿಸಿ ತೊಗಟೆಗೆ ತೊಗಟೆ ಸೇರಿಸಬೇಕು. ಹೊಸಬರ ಕಸಿ ಸೋಲುವುದು ಹೆಚ್ಚಾಗಿ ಇಲ್ಲೇ. ಮೇಲೆ ಒದ್ದೆ ಪಾಲಿಥೀನ್ ಟೋಪಿ ಹಾಕಿ ಹತ್ತು ಹದಿನೈದು ದಿನ ನೆರಳಲ್ಲಿ ಇಟ್ಟರೆ ತೇವ ಆರದೆ ಕೂಡಿಕೊಳ್ಳುತ್ತದೆ. ಮಳೆಗಾಲದ ತೇವದ ತಿಂಗಳುಗಳಲ್ಲಿ ಕರಾವಳಿಯ ನುರಿತ ಕೈಗೆ ಹೆಚ್ಚಿನ ಕಸಿಗಳು ಹಿಡಿಯುತ್ತವೆ. ಉಳ್ಳಾಲ, ವೆಂಗುರ್ಲಾ, ಚಿಂತಾಮಣಿ, ಭಾಸ್ಕರ ಮೊದಲಾದ ತಳಿಗಳು ರೈತರ ಗುಡ್ಡ ಸೇರಿದ್ದು ಈ ಕಸಿಯಿಂದ.

ಬೇರುಗಿಡದ ಪ್ರಶ್ನೆ

ಕಸಿ ಮೇಲಿನ ಅರ್ಧವನ್ನು ಭದ್ರಗೊಳಿಸುತ್ತದೆ. ಕೆಳಗಿನ ಅರ್ಧ ಮಾತ್ರ ಬೀಜದ್ದೇ ಆಗಿ ಉಳಿದು, ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಅಂಗಾಂಶ ಕೃಷಿ ಈ ಬೆಳೆಗಳಲ್ಲಿ ನೆಲೆ ಕಂಡದ್ದು ಇಲ್ಲಿ. ಪ್ರಯೋಗಾಲಯ ಕಸಿಯನ್ನು ಹೊರದೂಡಲಿಲ್ಲ, ಅದರ ಕೆಳಗಿನ ಭಾಗವನ್ನು ವಹಿಸಿಕೊಂಡಿತು.

ಕ್ಯಾಲಿಫೋರ್ನಿಯದ ಅಕ್ರೋಟ್ ತೋಟಗಳಲ್ಲಿ ಈ ಕತೆ ಸ್ಪಷ್ಟವಾಗಿ ಕಾಣುತ್ತದೆ. 19ನೇ ಶತಮಾನದ ಕೊನೆಯಲ್ಲಿ ಲೂಥರ್ ಬರ್ಬ್ಯಾಂಕ್ ಅಲ್ಲಿನ ಕಾಡಿನ ಕಪ್ಪು ಅಕ್ರೋಟ್‌ಗೆ ನಾವು ತಿನ್ನುವ ಅಕ್ರೋಟ್ ಸೇರಿಸಿ 'ಪ್ಯಾರಡಾಕ್ಸ್' ಎಂಬ ಮಿಶ್ರತಳಿ ಮಾಡಿದರು. ಅದರ ಬೆಳವಣಿಗೆಯ ಬಿರುಸು ಬೇರುಗಿಡಕ್ಕೆ ಹೇಳಿ ಮಾಡಿಸಿದಂತಿತ್ತು. ನರ್ಸರಿಯವರು ಕಪ್ಪು ಅಕ್ರೋಟ್ ಬೀಜಗಳನ್ನು ಬಿತ್ತಿ, ಗಾಳಿಯಲ್ಲಿ ಬಂದ ಪರಾಗದಿಂದ ತಾನಾಗಿ ಮಿಶ್ರವಾದ ಸಸಿಗಳನ್ನು ಎಲೆ ನೋಡಿ ಆರಿಸುತ್ತಿದ್ದರು. ಯಾವ ತಾಯಿಮರದಲ್ಲಿ ಎಷ್ಟು ಮಿಶ್ರ ಬೀಜ ಸಿಗುತ್ತದೆಂಬುದು ಮರದಿಂದ ಮರಕ್ಕೆ ಬೇರೆ. ಸಿಕ್ಕವೂ ಒಂದರಂತೆ ಇನ್ನೊಂದಿಲ್ಲ. ಒಂದು ಜಂತುಹುಳುವನ್ನು ತಾಳಿಕೊಂಡರೆ ಇನ್ನೊಂದು ಸೊರಗುತ್ತದೆ, ಒಂದಕ್ಕೆ ಬುಡದಲ್ಲಿ ಗಂಟುರೋಗ, ಇನ್ನೊಂದಕ್ಕೆ ಬೇರುಕೊಳೆ. ಆ ಬೇರುಕೊಳೆ ತರುವುದು ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರ ಕುಲದ ಜೀವಿಗಳೇ.

ಕಸಿ ಸಂದಿನಲ್ಲೇ ಕಾಣಿಸಿಕೊಳ್ಳುವ ಕಪ್ಪುಗೆರೆ ರೋಗವನ್ನೂ ಇಲ್ಲಿ ಹೇಳಬೇಕು. ಚೆರ್ರಿ ಎಲೆಸುರುಳಿ ವೈರಸ್ ಪರಾಗದ ಮೂಲಕ ಮೇಲಿನ ಅಕ್ರೋಟ್‌ಗೆ ಬರುತ್ತದೆ. ಅಕ್ರೋಟ್ ಅದನ್ನು ತಾಳಿಕೊಳ್ಳುತ್ತದೆ, ಹೊರಗೆ ಏನೂ ತೋರುವುದಿಲ್ಲ. ವೈರಸ್ ಕೆಳಗಿಳಿದು ಸಂದು ತಲುಪಿದಾಗ ಕಪ್ಪು ಅಕ್ರೋಟಿನ ಬೇರುಗಿಡ ಅದನ್ನು ಒಳಬಿಡದೆ ತನ್ನ ಅಂಚಿನ ಜೀವಕೋಶಗಳನ್ನು ತಾನೇ ಕೊಂದುಕೊಳ್ಳುತ್ತದೆ. ತೊಗಟೆ ಹೆರೆದು ನೋಡಿದರೆ ಸಂದಿನ ಸುತ್ತ ಸಣ್ಣ ಕಪ್ಪು ಗೆರೆ. ಆ ಗೆರೆ ಮರವನ್ನು ಸುತ್ತುವರಿದರೆ ಮೇಲಿನ ಆಹಾರ ಬೇರಿಗೆ ಇಳಿಯದೆ ಮರ ಸಾಯುತ್ತದೆ. ಎರಡು ಜಾತಿಗಳನ್ನು ಕೂಡಿಸಿದ್ದರಿಂದಲೇ ಬಂದ ಸಾವು ಇದು. ಇದಕ್ಕೆ ಒಂದು ಪರಿಹಾರವೆಂದು ಅಕ್ರೋಟನ್ನು ಅದರ ಸ್ವಂತ ಬೇರಿನ ಮೇಲೆ ಬೆಳೆಸಿ ನೋಡಿದರು. ಆದರೆ ಕಡ್ಡಿಯಿಂದ ಬೇರು ಬರಿಸುವುದು ಕಷ್ಟವಾದ್ದರಿಂದ ಅದಕ್ಕೂ ಅಂಗಾಂಶ ಕೃಷಿಯೇ ಬೇಕಾಯಿತು.

ಗಾಜಿನ ಜಾಡಿಯಲ್ಲಿ

ಜೀವಕೋಶಗಳನ್ನು ಗಿಡದ ಹೊರಗೆ ಬೆಳೆಸಬಹುದೆಂಬ ಕಲ್ಪನೆಯನ್ನು ಆಸ್ಟ್ರಿಯದ ಗೊಟ್ಲೀಬ್ ಹ್ಯಾಬರ್‌ಲಾಂಟ್ 1902ರಲ್ಲಿ ಮುಂದಿಟ್ಟರು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎರಡು ಬಗೆಯ ಹಾರ್ಮೋನುಗಳ ಪ್ರಮಾಣ ಬದಲಿಸಿ ಚಿಗುರನ್ನೋ ಬೇರನ್ನೋ ಬೇಕಾದಂತೆ ಮೂಡಿಸಬಹುದೆಂದು ತೋರಿಸಿದರು. ಸೈಟೊಕೈನಿನ್ ಹೆಚ್ಚಾದರೆ ಚಿಗುರು, ಆಕ್ಸಿನ್ ಹೆಚ್ಚಾದರೆ ಬೇರು. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿಗಾಗಿ ರೂಪಿಸಿದ ಪೋಷಕ ಮಾಧ್ಯಮ, ಎಂಎಸ್, ಇವತ್ತಿಗೂ ಎಲ್ಲೆಡೆ ಬಳಕೆಯಲ್ಲಿದೆ. ಮರಗಳಿಗೆ ಅದರಲ್ಲಿನ ಲವಣ ಅನೇಕ ವೇಳೆ ಹೊಂದುವುದಿಲ್ಲ. ಡ್ರೈವರ್ ಮತ್ತು ಕುನಿಯುಕಿ 1984ರಲ್ಲಿ ಪ್ಯಾರಡಾಕ್ಸ್‌ಗಾಗಿಯೇ ಹೊಸ ಮಾಧ್ಯಮ ಪ್ರಕಟಿಸಿದರು. ಅವರಿಬ್ಬರ ಹೆಸರಿನ ಜತೆ ಅಕ್ರೋಟಿನ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಅದನ್ನು ಡಿಕೆಡಬ್ಲ್ಯೂ ಎನ್ನುತ್ತಾರೆ. ಎಂಎಸ್‌ಗೆ ಹೋಲಿಸಿದರೆ ಇದರಲ್ಲಿ ಕ್ಯಾಲ್ಸಿಯಂ ಸುಮಾರು ಮೂರು ಪಟ್ಟು. ಬೇಗ ಬೆಳೆಯುವ ಚಿಗುರಿನ ತುದಿ ಸಾಯುವುದಕ್ಕೆ ಕ್ಯಾಲ್ಸಿಯಂ ಕೊರತೆ ಮುಖ್ಯ ಕಾರಣಗಳಲ್ಲೊಂದು. ಪಿಸ್ತಾದಲ್ಲೂ ಇದೇ ತೊಂದರೆ ಕಾಡುತ್ತದೆ.

ತಾಯಿಗಿಡದಿಂದ ತರುವುದು ಒಂದೊಂದು ಗಿಣ್ಣಿನ ತುಂಡು. ಬ್ಲೀಚ್ ದ್ರಾವಣದಲ್ಲಿ ತೊಳೆದು, ಶುದ್ಧಗಾಳಿಯ ಪೆಟ್ಟಿಗೆಯೊಳಗೆ ಮಾಧ್ಯಮದ ಮೇಲೆ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೊಯ್ದ ತುದಿಯಿಂದ ಕಂದು ಬಣ್ಣ ಹರಡತೊಡಗುತ್ತದೆ. ಕಸಿಯನ್ನು ಕೆಡಿಸುವ ಫಿನಾಲ್‌ಗಳೇ ಇಲ್ಲೂ ಶತ್ರು. ಆದ್ದರಿಂದ ಮೊದಲ ದಿನಗಳಲ್ಲಿ ತುಂಡುಗಳನ್ನು ಮತ್ತೆಮತ್ತೆ ಹೊಸ ಮಾಧ್ಯಮಕ್ಕೆ ವರ್ಗಾಯಿಸಬೇಕು. ಹೊರಮೈ ತೊಳೆದರೂ ನಾಳಗಳೊಳಗೆ ಅವಿತ ಬ್ಯಾಕ್ಟೀರಿಯಾ ವಾರಗಳ ನಂತರ ಬುಡದಲ್ಲಿ ಹಾಲಿನಂತೆ ಮಸುಕಾಗಿ ಕಾಣಿಸಿಕೊಳ್ಳಬಹುದು. ಉಳಿದ ಚಿಗುರುಗಳನ್ನು ಲೀಟರಿಗೆ ಸುಮಾರು 1 ಮಿಲಿಗ್ರಾಂ ಬಿಎಪಿ ಎಂಬ ಸೈಟೊಕೈನಿನ್, ಅದರ ನೂರನೇ ಒಂದು ಭಾಗ ಅಥವಾ ಇನ್ನೂ ಕಡಿಮೆ ಐಬಿಎ ಎಂಬ ಆಕ್ಸಿನ್ ಇರುವ ಮಾಧ್ಯಮದಲ್ಲಿ ಬೆಳೆಸಿ, ಕೆಲವು ವಾರಕ್ಕೊಮ್ಮೆ ಗಿಣ್ಣುಗಿಣ್ಣಾಗಿ ಕತ್ತರಿಸಿ ಹೆಚ್ಚಿಸುತ್ತ ಹೋಗುತ್ತಾರೆ. ಬೇರು ಬರಿಸುವ ಹಂತದಲ್ಲಿ ಐಬಿಎ ಹೆಚ್ಚಿಸಿ ಕೆಲವು ದಿನ ಕತ್ತಲಲ್ಲಿಟ್ಟು, ಆಮೇಲೆ ಹಾರ್ಮೋನಿಲ್ಲದ, ವರ್ಮಿಕ್ಯುಲೈಟ್ ಬೆರೆಸಿದ ಸಡಿಲ ಮಾಧ್ಯಮಕ್ಕೆ ಬದಲಿಸುತ್ತಾರೆ.

ಇಷ್ಟಾದರೂ ಗಿಡ ಹೊರಗಿನ ಬಾಳಿಗೆ ಸಿದ್ಧವಾಗಿರುವುದಿಲ್ಲ. ಜಾಡಿಯ ತೇವದಲ್ಲಿ ಬೆಳೆದ ಎಲೆಗೆ ಮೇಣದ ಹೊದಿಕೆ ತೆಳು, ಪತ್ರರಂಧ್ರಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ತೆರೆದ ಗಾಳಿಗೆ ಇಟ್ಟರೆ ಕಣ್ಣೆದುರೇ ಬಾಡುತ್ತದೆ. ಮಂಜು ಚಿಮ್ಮುವ ಮನೆಯಲ್ಲಿ ತೇವವನ್ನು ದಿನದಿನಕ್ಕೆ ಇಳಿಸುತ್ತ ಹೊಸ ಎಲೆ ಬರುವ ತನಕ ಕಾಯಬೇಕು. ಬಹಳಷ್ಟು ಗಿಡಗಳು ಸಾಯುವುದು ಈ ದಾಟುವಿಕೆಯಲ್ಲಿ, ಬೆಲೆಯ ದೊಡ್ಡ ಭಾಗ ಕೂಡುವುದೂ ಇಲ್ಲೇ. ಹೀಗೆ ಬಂದ ಬೇರುಗಿಡವನ್ನು ಹೊಲದಲ್ಲಿ ಬಲಿಯಲು ಬಿಟ್ಟು, ಅದರ ಮೇಲೆ 'ಚಾಂಡ್ಲರ್'ನಂಥ ತಳಿಯ ಮೊಗ್ಗನ್ನು, ಅಂದರೆ ಕಣ್ಣನ್ನು, ಕೂರಿಸುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಈಗ ಬಳಕೆಯಲ್ಲಿರುವ ತದ್ರೂಪಿ ಬೇರುಗಿಡಗಳಲ್ಲಿ ವ್ಲಾಕ್, ಜಂತುಹುಳುಗಳನ್ನು ತಾಳಿಕೊಳ್ಳುವ ವಿಎಕ್ಸ್211, ಫೈಟಾಫ್ತೊರಕ್ಕೆ ಸುಲಭವಾಗಿ ಬಗ್ಗದ ಆರ್‌ಎಕ್ಸ್1 ಹೆಸರಾದವು. ಬಾದಾಮಿಯಲ್ಲಿ ಈ ದಾರಿ ಬೇಗ ತೆರೆಯಿತು. ಫ್ರಾನ್ಸಿನ ಜಿಎಫ್677 ಎಂಬ ಪೀಚ್–ಬಾದಾಮಿ ಮಿಶ್ರ ಬೇರುಗಿಡ ಸುಣ್ಣದ ಮಣ್ಣಿನಲ್ಲೂ ಎಲೆ ಹಳದಿಯಾಗದಂತೆ ನಿಲ್ಲುತ್ತದೆ. ಮೆಡಿಟರೇನಿಯನ್ ತೀರದ ಪ್ರಯೋಗಾಲಯಗಳು ಅದನ್ನು ದಶಕಗಳಿಂದ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿವೆ.

ಎಳೆತನ ಮತ್ತು ಹಳೆತನ

ಯಾವ ತುಂಡನ್ನು ತರುತ್ತೇವೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಸಸಿಯ ಗಿಣ್ಣು ಜಾಡಿಯಲ್ಲಿ ಹುಮ್ಮಸ್ಸಿನಿಂದ ಬೆಳೆಯುತ್ತದೆ, ಫಲ ಬಿಡುವ ಮರದ ತುದಿಯ ಗಿಣ್ಣು ಮಂಕಾಗಿ ಕೂರುತ್ತದೆ. ಆದರೆ ಯಾವ ಮರ ಒಳ್ಳೆಯದೆಂದು ತಿಳಿಯುವುದು ಅದು ಫಲ ಕೊಟ್ಟ ಮೇಲೆಯೇ! ಇಡೀ ವಿಷಯದ ತಿರುಳು ಈ ಇಕ್ಕಟ್ಟಿನಲ್ಲಿದೆ. ಮರದ ಬುಡದ ಅಂಗಾಂಶ ವಯಸ್ಸಿನಲ್ಲಿ ಹಳೆಯದಾದರೂ ಗುಣದಲ್ಲಿ ಎಳೆಯದು. ತುದಿಯ ಚಿಗುರು ಈ ವರ್ಷದ್ದಾದರೂ ಗುಣದಲ್ಲಿ ಬಲಿತದ್ದು. ಅದಕ್ಕೆ ಬುಡ ಕಡಿದು ಅಲ್ಲಿಂದ ಎದ್ದ ಚಿಗುರನ್ನು ಬಳಸುವುದು ಒಂದು ದಾರಿ. ಬಲಿತ ಮರದ ಚಿಗುರುತುದಿಯನ್ನು ಜಾಡಿಯಲ್ಲಿ ಮೊಳೆತ ಎಳೆಸಸಿಯ ಮೇಲೆ, ಕೆಲವೊಮ್ಮೆ ಸೂಕ್ಷ್ಮದರ್ಶಕದಡಿ, ಕಸಿ ಮಾಡುವುದು ಇನ್ನೊಂದು. ಈ ಸೂಕ್ಷ್ಮಕಸಿಯಿಂದ ಕೆಲವು ಮರಗಳಲ್ಲಿ ಎಳೆತನ ಸ್ವಲ್ಪ ಮರಳುತ್ತದೆ, ವೈರಸ್ ಕಳೆಯಲೂ ಇದು ನೆರವಾಗುತ್ತದೆ. ಪುತ್ತೂರಿನ ವಿಜ್ಞಾನಿಗಳು ಗೇರಿನಲ್ಲೂ ಇದನ್ನು ಮಾಡಿ ತೋರಿಸಿದ್ದಾರೆ. ಆದರೂ ಗೇರಿನ ಬಲಿತ ಅಂಗಾಂಶ ಜಾಡಿಗೆ ಒಗ್ಗುವುದು ಕಡಿಮೆ. ಮೆದುಕಾಂಡ ಕಸಿ ಅಗ್ಗವಾಗಿ, ನಂಬಿಕೆಗೆ ತಕ್ಕಂತೆ ನಡೆಯುವಾಗ ಪ್ರಯೋಗಾಲಯದ ಗೇರು ಗಿಡ ರೈತನಿಗೆ ಕೊಡುವ ಲಾಭ ಸದ್ಯಕ್ಕೆ ಏನೂ ಇಲ್ಲವೆಂದೇ ಹೇಳಬೇಕು.

ತಪ್ಪೂ ಹೆಚ್ಚುತ್ತದೆ

ಪಿಸ್ತಾ ಬೇರುಗಿಡಗಳಲ್ಲಿ ಹೆಸರಾದ ಯುಸಿಬಿ1 ಎರಡು ಕಾಡು ಜಾತಿಗಳ ಮಿಶ್ರಣ. ಅದರಲ್ಲೊಂದು, ಪಿಸ್ಟೇಸಿಯ ಇಂಟೆಜೆರಿಮ, ಪಶ್ಚಿಮ ಹಿಮಾಲಯದ್ದು. ಆಯುರ್ವೇದದ ಕರ್ಕಟಶೃಂಗಿ ಇದೇ ಮರದ ಎಲೆಗಳ ಮೇಲೆ ಮೂಡುವ ಗಂಟು. ಮಣ್ಣಿನ ವರ್ಟಿಸಿಲಿಯಂ ಶಿಲೀಂಧ್ರವನ್ನು ತಡೆಯುವ ಶಕ್ತಿ ಯುಸಿಬಿ1ಗೆ ಈ ಜಾತಿಯಿಂದ ಬಂತು. ಯುಸಿಬಿ1 ಸಸಿಗಳೂ ಒಂದರಂತೆ ಇನ್ನೊಂದಿಲ್ಲವಾದ್ದರಿಂದ ನರ್ಸರಿಗಳು ಅಂಗಾಂಶ ಕೃಷಿಗೆ ತಿರುಗಿದವು. 2010ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯ ಮತ್ತು ಅರಿಜೋನದ ಹೊಸ ತೋಟಗಳಲ್ಲಿ ಇಂಥ ಗಿಡಗಳು ಕುಳ್ಳಾಗಿ, ಪೊದೆಯಂತೆ ಕವಲೊಡೆದು ನಿಂತವು. ಕೂರಿಸಿದ ಕಣ್ಣು ಹಿಡಿಯಲಿಲ್ಲ. ಬೆಳೆಗಾರರು ಎಕರೆಗಟ್ಟಲೆ ಕಿತ್ತು ಹಾಕಬೇಕಾಯಿತು. ರೋಗಗ್ರಸ್ತ ಗಿಡಗಳಲ್ಲಿ ಕಂಡ ರೊಡೊಕಾಕಸ್ ಬ್ಯಾಕ್ಟೀರಿಯಾವೇ ಕಾರಣವೆಂದು 2015ರಲ್ಲಿ ಒಂದು ತಂಡ ಪ್ರಕಟಿಸಿತು, ಮತ್ತೊಂದು ತಂಡ ಅದನ್ನು ಒಪ್ಪಲಿಲ್ಲ. ಕಾರಣದ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ ಹಾನಿ ಹಬ್ಬಿದ ಬಗೆ ಕಣ್ಣಿಗೆ ಕಟ್ಟುತ್ತದೆ. ಈ ಕುಲದ ಕೆಲವು ಬ್ಯಾಕ್ಟೀರಿಯಾ ಸೈಟೊಕೈನಿನ್ ತಯಾರಿಸುತ್ತವೆ. ಚಿಗುರು ಹೆಚ್ಚಲೆಂದೇ ಸೈಟೊಕೈನಿನ್ ಹಾಕಿದ ಜಾಡಿಯಲ್ಲಿ ಒಂದಷ್ಟು ಚಿಗುರು ಜಾಸ್ತಿ ಬಂದರೆ ಅದು ರೋಗವೆಂದು ಯಾರಿಗೂ ತೋರುವುದಿಲ್ಲ. ತಾಯಿ ಸಂಗ್ರಹವನ್ನು ಕಾಲಕಾಲಕ್ಕೆ ಬ್ಯಾಕ್ಟೀರಿಯಾ ಪರೀಕ್ಷೆಗೂ ಡಿಎನ್‌ಎ ಗುರುತಿಗೂ ಒಡ್ಡುವುದು ಅಂದಿನಿಂದ ಇನ್ನಷ್ಟು ಬಿಗಿಯಾಗಿದೆ. ಅಂಥ ದಾಖಲೆ ಕೊಡದ ಪ್ರಯೋಗಾಲಯದಿಂದ ಗಿಡ ಕೊಳ್ಳಬಾರದು.

ಗಿಣ್ಣುಗಳ ಬದಲು ಅಂಗಾಂಶದಿಂದ ನೇರವಾಗಿ ಭ್ರೂಣಗಳನ್ನೇ ಹುಟ್ಟಿಸುವ ಕಾಯಭ್ರೂಣ ವಿಧಾನವನ್ನು ಅಕ್ರೋಟಿನಲ್ಲಿ ಟುಲೆಕೆ ಮತ್ತು ಮೆಗ್ರಾನಹಾನ್ 1985ರಲ್ಲಿ ವರದಿ ಮಾಡಿದರು. ಎಳೆ ಕಾಯಿಯ ಬೀಜದಳದಿಂದ ಭ್ರೂಣದ ಮೇಲೆ ಭ್ರೂಣ ಮೂಡುತ್ತ ಹೋಗುತ್ತದೆ. ಆದರೆ ಎಳೆ ಬೀಜವೆಂದರೆ ಮತ್ತೆ ಹೊಸ ಮಿಶ್ರಣ, ಪರೀಕ್ಷಿಸಿದ ಮರದ ತದ್ರೂಪವಲ್ಲ. ಇದರ ಮುಖ್ಯ ಬಳಕೆ ಜೀನ್ ವರ್ಗಾವಣೆಯಲ್ಲಿ. ಅಮೆರಿಕನ್ ಚೆಸ್ಟ್‌ನಟ್ ಮರವನ್ನು 1904ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾದ ಶಿಲೀಂಧ್ರ ರೋಗ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಅಳಿಸಿಹಾಕಿತು. ಅದನ್ನು ಮರಳಿ ತರಲು ಸಿರಕ್ಯೂಸ್‌ನ ವಿಜ್ಞಾನಿಗಳು ಗೋಧಿಯ ಒಂದು ಜೀನನ್ನು ಚೆಸ್ಟ್‌ನಟ್ ಭ್ರೂಣಗಳಿಗೆ ಸೇರಿಸಿದರು. ಹೀಗೆ ಜೀನ್ ಸೇರಿಸಿ ಪಡೆದ ಸಾಲುಗಳಲ್ಲಿ ಡಾರ್ಲಿಂಗ್ 58 ಎಂದು ವರ್ಷಗಳ ಕಾಲ ಪರೀಕ್ಷಿಸಿದ ಮರಗಳು ನಿಜವಾಗಿ ಡಾರ್ಲಿಂಗ್ 54 ಎಂದು 2023ರಲ್ಲಿ ಬಯಲಾದಾಗ ಅಮೆರಿಕನ್ ಚೆಸ್ಟ್‌ನಟ್ ಪ್ರತಿಷ್ಠಾನ ತನ್ನ ಬೆಂಬಲ ಹಿಂತೆಗೆಯಿತು. ಚೀಟಿ ಅದಲುಬದಲಾದರೆ ಜಾಡಿಯ ಗಿಡಗಳು ಕಣ್ಣಿಗೆ ಎಲ್ಲವೂ ಒಂದೇ.

ಕಸಿಯೇ ಆಗದ ಮರಗಳು

ಅಡಿಕೆ ಮತ್ತು ತೆಂಗು ಏಕದಳ ಸಸ್ಯಗಳು. ಅವಕ್ಕೆ ಕ್ಯಾಂಬಿಯಂ ಇಲ್ಲ, ಆದ್ದರಿಂದ ಕಸಿಯೂ ಇಲ್ಲ. ಕವಲಿಲ್ಲದ ಒಂದೇ ಸುಳಿಯ ಮರವಾದ್ದರಿಂದ ಕಡ್ಡಿಯೂ ಇಲ್ಲ. ಬೀಜ ಬಿಟ್ಟರೆ ಉಳಿದದ್ದು ಅಂಗಾಂಶ ಕೃಷಿ ಮಾತ್ರ. ಇತರ ಮರಗಳಲ್ಲಿ ಅನುಕೂಲವಾದದ್ದು ಇವುಗಳಲ್ಲಿ ಅನಿವಾರ್ಯ. ಸುಳಿ ತೆಗೆದರೆ ಮರ ಸಾಯುವುದರಿಂದ, ಹಾಳೆಯೊಳಗೆ ಇನ್ನೂ ಮುಚ್ಚಿಕೊಂಡಿರುವ ಎಳೆ ಸಿಂಗಾರವನ್ನು ತೆಗೆದು, ಅದರ ತುಣುಕುಗಳಿಂದ ಕ್ಯಾಲಸ್, ಕ್ಯಾಲಸ್ಸಿನಿಂದ ಕಾಯಭ್ರೂಣ, ಅದರಿಂದ ಗಿಡ ಪಡೆಯುವ ಕ್ರಮವನ್ನು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ. ಅದರ ವಿಟ್ಲದ ಕೇಂದ್ರ ಅಡಿಕೆಯ ಮುಖ್ಯ ನೆಲೆ. ಅಡಿಕೆಯ ಹಿರೇಹಳ್ಳಿ ಗಿಡ್ಡ ತಳಿಯಿಂದ ಪಡೆದ ಕುಳ್ಳು ಮಿಶ್ರತಳಿಗಳ ಬೀಜ ಮತ್ತೆ ಬಿತ್ತಿದರೆ ಗುಣ ಒಡೆಯುತ್ತದೆ, ಅವನ್ನು ಹೆಚ್ಚಿಸಲೂ ಇದೇ ದಾರಿ. ಕೊನೆಗಾರರು ಸಿಗದ ಈ ದಿನಗಳಲ್ಲಿ ಕುಳ್ಳು ಮರಕ್ಕೆ ಬೇಡಿಕೆ ಏನೆಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೂ ತುರ್ತಿನದು ಅಡಿಕೆಯ ಹಳದಿ ಎಲೆ ರೋಗ. ಸುಳ್ಯದ ಸಂಪಾಜೆ, ಅರಂತೋಡು ಸುತ್ತಮುತ್ತ, ಶೃಂಗೇರಿ, ಕೊಪ್ಪ ಭಾಗಗಳಲ್ಲಿ ತೋಟಕ್ಕೆ ತೋಟವೇ ಬರಡಾದ ಕಡೆ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ಉಳಿದಿರುತ್ತದೆ. ಅಂಥ ಮರಗಳನ್ನು ಗುರುತಿಸಿ, ಅವುಗಳಲ್ಲಿ ರೋಗಾಣು ಇಲ್ಲವೆಂದು ಪರೀಕ್ಷೆಯಲ್ಲಿ ಖಚಿತಪಡಿಸಿಕೊಂಡು, ಸಿಂಗಾರ ತಂದು ಗಿಡ ಮಾಡುವ ಕೆಲಸ ನಡೆದಿದೆ. ರೋಗ ತರುವ ಫೈಟೊಪ್ಲಾಸ್ಮಾವನ್ನು ತಟ್ಟೆಯಲ್ಲಿ ಬೆಳೆಸಿ ಗಿಡಕ್ಕೆ ಚುಚ್ಚಿ ನೋಡುವುದು ಸಾಧ್ಯವಿಲ್ಲ. ಅದು ಜಿಗಿಹುಳುವಿನ ಮೂಲಕ ಹರಡುತ್ತದೆ. ಹಾಗಾಗಿ ಆ ಗಿಡಗಳನ್ನು ರೋಗವಿರುವ ತೋಟಗಳ ನಡುವೆಯೇ ನೆಟ್ಟು, ಅವು ಫಲಕ್ಕೆ ಬಂದು ಹಲವು ವರ್ಷ ಹಸಿರಾಗಿ ನಿಲ್ಲುತ್ತವೆಯೇ ಎಂದು ನೋಡಬೇಕಾಗುತ್ತದೆ.